ನೀರು ಕುಡಿದ ಮರದ ನೆಲವನ್ನು ಒಣಗಿಸುವ ಸೇವೆ: ಒಂದು ವಿಮರ್ಶೆ

ಬಟ್ಟೆ ತೊಳೆಯುವ ಯಂತ್ರದ ಕೊಳವೆ ಕಳಚಿ ಹರಿದ ನೀರು ನಮ್ಮ ಗಟ್ಟಿಮರದ ನೆಲದ ಅಡಿಗೂ ಇಳಿದಿದ್ದರಿಂದ, ಇಂತಹ ನೆಲಗಳನ್ನು ಒಣಗಿಸಿ ದುರಸ್ತಿ ಮಾಡುವ ಸಂಸ್ಥೆಯೊಂದರ ಸೇವೆಯನ್ನು ಪಡೆದೆವು. ಕೆಲಸ ತೃಪ್ತಿಕರವಾಗಿತ್ತು. ಆ ತೃಪ್ತಿಗೆ ಅವರು ತಂದ ಯಂತ್ರಗಳಿಗಿಂತಲೂ, ಎಷ್ಟು ಒತ್ತಾಯಿಸಿದರೂ ಅವಸರಕ್ಕೆ ಒಪ್ಪದ ಅವರ ಹಟವೇ ಹೆಚ್ಚು ಕಾರಣ.

ಒದ್ದೆಯಾದ ಜಾಗದಲ್ಲಿ 24ರಿಂದ 48 ಗಂಟೆಗಳೊಳಗೆ ಬೂಷ್ಟು ಬೆಳೆಯತೊಡಗಬಹುದಾದ್ದರಿಂದ ಕರೆದ ದಿನವೇ ಬಂದದ್ದು ಮೆಚ್ಚಬೇಕಾದ ಸಂಗತಿ. ನಿಂತ ನೀರನ್ನು ಹೀರಿ ತೆಗೆದ ಮೇಲೆ, ಎರಡು ಸೂಜಿಗಳ ನಡುವಿನ ವಿದ್ಯುತ್ ರೋಧದಿಂದ ಮರದ ತೇವಾಂಶವನ್ನು ಹೇಳುವ ಮಾಪಕವನ್ನು ಹಲಗೆಗಳಿಗೂ ಅವುಗಳ ಕೆಳಗಿನ ಪ್ಲೈವುಡ್‌ಗೂ ಚುಚ್ಚಿ ನೋಡಿದರು. ನೀರು ಸೋಕದ ಪಕ್ಕದ ಕೋಣೆಯ ನೆಲವನ್ನೂ ಅಳೆದು, ಅದೇ ತಲುಪಬೇಕಾದ ಮಟ್ಟವೆಂದು ಗುರುತು ಹಾಕಿಕೊಂಡರು. ಮೇಲ್ಮೈಯ ಪಾಲಿಶ್ ತೇವವನ್ನು ಸುಲಭವಾಗಿ ಹೊರಬಿಡದ ಕಾರಣ, ಹಲಗೆಗಳ ಸಂದಿಯಿಂದ ಒಳಗಿನ ತೇವವನ್ನು ಎಳೆಯುವ ಹೀರುಚಾಪೆಗಳನ್ನು ಹಾಸಿ, ಗಾಳಿಯ ತೇವ ತೆಗೆಯುವ ಡಿಹ್ಯೂಮಿಡಿಫೈಯರ್‌ಗಳನ್ನು ಹಗಲಿರುಳು ನಡೆಸಿದರು. ಅವುಗಳ ಸದ್ದು ಅಸಹನೀಯವಾಗಿತ್ತು. ನಿದ್ರೆ ಹಗುರವಾಗಿರುವವರು ಬೇರೆಡೆ ಮಲಗುವುದು ಒಳಿತೆಂದು ಅವರು ಮೊದಲೇ ಹೇಳಬಹುದಿತ್ತು.

ಹಲಗೆಗಳ ಅಂಚು ಮೇಲೆದ್ದು ನಡುಭಾಗ ತಗ್ಗಿದ್ದನ್ನು ಕಂಡು, ಕೂಡಲೇ ಉಜ್ಜಿ ಸಮ ಮಾಡಿಬಿಡಿ ಎಂದು ಕೇಳಿದೆವು. ಅವರು ಒಪ್ಪಲಿಲ್ಲ. ಮರ ಉದ್ದಕ್ಕೆ ಹಿಗ್ಗುವುದು ಅತ್ಯಲ್ಪ, ಅಡ್ಡಕ್ಕೆ ಹಿಗ್ಗುವುದೇ ಹೆಚ್ಚು. ಹಲಗೆಯ ತಳ ಮೇಲ್ಭಾಗಕ್ಕಿಂತ ಒದ್ದೆಯಾಗಿದ್ದಾಗ ತಳವೇ ಹೆಚ್ಚು ಅಗಲವಾಗಿ ಅಂಚುಗಳು ಏಳುತ್ತವೆ. ಆ ಸ್ಥಿತಿಯಲ್ಲೇ ಉಜ್ಜಿದರೆ ಎದ್ದ ಅಂಚು ಸವೆದುಹೋಗುತ್ತದೆ, ಮುಂದೆ ತಳವೂ ಒಣಗಿ ಹಲಗೆ ಹಳೆಯ ಆಕಾರಕ್ಕೆ ಮರಳಿದಾಗ ನಡುವೆ ಉಬ್ಬು ನಿಲ್ಲುತ್ತದೆ. ಹಲಗೆಗೂ ಪ್ಲೈವುಡ್‌ಗೂ ನಡುವಿನ ತೇವಾಂಶದ ಅಂತರ, ಕಿರಿದಾದ ಹಲಗೆಗಳಲ್ಲಿ 4 ಶೇಕಡಾ ಅಂಶದೊಳಗೆ, ಅಗಲವಾದವುಗಳಲ್ಲಿ 2ರೊಳಗೆ ಬರುವವರೆಗೂ ಉಜ್ಜುವ ಯಂತ್ರವನ್ನು ಒಳಗೆ ತರುವುದಿಲ್ಲವೆಂದರು. ಕಾದದ್ದರ ಫಲವಾಗಿ ಬಹುತೇಕ ಹಲಗೆಗಳು ತಾವಾಗಿಯೇ ಸಮವಾದವು. ಅಷ್ಟು ಹಲಗೆಗಳನ್ನು ಕೀಳಿಸಬೇಕಾಗಿ ಬಂದಿದ್ದರೆ ಎಂಬ ಲೆಕ್ಕವನ್ನು ನಾನು ಹಾಕಲು ಹೋಗಿಲ್ಲ.

ದುರಸ್ತಿಯ ಭಾಗ ಅಷ್ಟು ಸೊಗಸಾಗಿರಲಿಲ್ಲ. ಸೀಳು ಬಿಟ್ಟ ಕೆಲವು ಹಲಗೆಗಳನ್ನು ಅಕ್ಕಪಕ್ಕದವುಗಳ ಕಚ್ಚಿಗೆ ಧಕ್ಕೆಯಾಗದಂತೆ ನಾಜೂಕಾಗಿ ಬದಲಿಸಿದರಾದರೂ, ಹೊಸ ಮರದ ಬಣ್ಣ ಹಳೆಯದಕ್ಕೆ ಪೂರ್ತಿ ಹೊಂದಿಲ್ಲ. ಕಿಟಕಿಯ ಬೆಳಕು ಬಿದ್ದಾಗ ಅದು ಎದ್ದು ಕಾಣುತ್ತದೆ. ಪ್ರತಿದಿನದ ತೇವಾಂಶದ ಅಳತೆಗಳನ್ನು ಬರೆದುಕೊಳ್ಳುತ್ತಿದ್ದರೂ ಅದರ ಪ್ರತಿ ನಮ್ಮ ಕೈ ಸೇರಿದ್ದು ಎರಡು ಬಾರಿ ನೆನಪಿಸಿದ ಮೇಲೆ. ವಿಮೆಯ ಹಣ ಕೇಳುವವರಿಗೆ ಆ ದಾಖಲೆ ಬೇಕೇ ಬೇಕಾಗುವುದರಿಂದ ಈ ಉದಾಸೀನ ಸಣ್ಣದೇನಲ್ಲ.

ಗಟ್ಟಿಮರದ ನೆಲವುಳ್ಳವರಿಗೆ ಈ ಸೇವೆಯನ್ನು ನಿಸ್ಸಂಕೋಚವಾಗಿ ಸೂಚಿಸುತ್ತೇನೆ. ಪದರಗಳನ್ನು ಅಂಟಿಸಿ ಮಾಡಿದ ಹಲಗೆಗಳಾದರೆ ಪದರ ಬಿಟ್ಟಿದೆಯೇ ಎಂಬುದನ್ನು ಮೊದಲು ಪರೀಕ್ಷಿಸಿಕೊಳ್ಳಬೇಕು. ಒತ್ತಿದ ಮರದ ನಾರಿನ ತಿರುಳುಳ್ಳ ಲ್ಯಾಮಿನೇಟ್ ಒಮ್ಮೆ ಉಬ್ಬಿದರೆ ಒಣಗಿಸಿದರೂ ಮೊದಲಿನಂತಾಗದ ಕಾರಣ, ಅದಕ್ಕೆ ಈ ಖರ್ಚು ದಂಡ.