ಹಸಿರು ಚುಕ್ಕಿಗೆ ಕನ್ನಡ ಬರಲ್ಲ: ನನ್ನ ಬ್ಲಾಗಿನ ಪ್ಲಗಿನ್‌ಗಳು, ಒಂದೊಂದಾಗಿ

ಗಂಗಾವತಿಯಲ್ಲಿ ನನ್ನದೊಂದು ಫೋಟೋ ಸ್ಟುಡಿಯೋ ಇದೆ. ಮದುವೆ ಸೀಸನ್ ಇಲ್ಲದಾಗ ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ಇಟಗಿ, ಕುಕನೂರು, ಆನೆಗೊಂದಿ, ಕಿನ್ನಾಳ ಅಂತ ತಿರುಗುತ್ತೇನೆ. ಆ ಫೋಟೋಗಳಿಗೆ ನಾಲ್ಕು ಮಾತು ಸೇರಿಸಿ ಹಾಕೋಣ ಅಂತ ಸೈಟ್ ನಡೆಸುವ ತಂತ್ರಾಂಶವಾದ ವರ್ಡ್‌ಪ್ರೆಸ್‌ನಲ್ಲಿ ಕನ್ನಡ ಬ್ಲಾಗ್ ತೆರೆದೆ. ಹೋಸ್ಟಿಂಗ್ (ಸೈಟ್ ಇಡಲು ಬಾಡಿಗೆ ಸರ್ವರ್ ಜಾಗ) ತೊಗೊಂಡು, ವರ್ಡ್‌ಪ್ರೆಸ್ ನಾನೇ ಹಾಕಿಕೊಂಡಿದ್ದು. ಅಲ್ಲಿಂದ ಶುರುವಾಯಿತು ನೋಡಿ ಸಲಹೆಗಳ ಮಳೆ.

ಕಂಪ್ಯೂಟರ್ ಓದಿರುವ ಅಕ್ಕನ ಮಗ ಫೋನ್‌ನಲ್ಲೇ ಪ್ಲಗಿನ್‌ಗಳ, ಅಂದರೆ ವರ್ಡ್‌ಪ್ರೆಸ್‌ಗೆ ಹೊಸ ಸೌಲಭ್ಯ ಸೇರಿಸುವ ಸಣ್ಣ ತಂತ್ರಾಂಶಗಳ, ಒಂದು ಉದ್ದ ಪಟ್ಟಿ ಓದಿದ. "ಮಾಮಾ, ಇವಿಷ್ಟೂ ಹಾಕ್ರಿ. ಜೆಟ್‌ಪ್ಯಾಕ್ ಒಂದಂತೂ ಬೇಕೇ ಬೇಕು, ಎಲ್ಲಾ ಅದರಾಗೇ ಐತಿ." ಎಲ್ಲಾ ಅದರಾಗೇ ಇರೋದೇ ನನಗೆ ಬೇಡವಾಗಿತ್ತು. ಬೇಕಾದ್ದು ಎರಡು ಕೆಲಸ, ಅದಕ್ಕೆ ವರ್ಡ್‌ಪ್ರೆಸ್ ಡಾಟ್ ಕಾಮ್ ಖಾತೆ, ಮೇಲೆ ಹತ್ತಾರು ಸೌಲಭ್ಯದ ಹೊರೆ ಯಾಕೆ? ಅದನ್ನು ಬಿಟ್ಟೆ. ಉಳಿದವನ್ನು ಒಂದೊಂದಾಗಿ ಹಾಕಿ, ನೋಡಿ, ಕೆಲವನ್ನು ಕಿತ್ತು ಹಾಕಿದೆ. ಇಂಥ ಪಟ್ಟಿಗಳೆಲ್ಲ ಇಂಗ್ಲಿಷ್ ಬ್ಲಾಗನ್ನು ಎದುರಿಗಿಟ್ಟುಕೊಂಡು ಮಾಡಿದವು. ಕನ್ನಡದಲ್ಲಿ ಬರೆಯುವವರಿಗೆ ಕೆಟ್ಟು ಕೂರುವ ಜಾಗಗಳೇ ಬೇರೆ.

ಮೊದಲು ಕೊಂಡಿಯ, ಅಂದರೆ ಲಿಂಕಿನ ವಿಷಯ. ಇಟಗಿಯ ಮಹಾದೇವ ದೇವಾಲಯ 1112ರದು. ಆರನೇ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ ಕಟ್ಟಿಸಿದ್ದು. ಅಲ್ಲಿನ ಶಾಸನ ಅದನ್ನು ದೇವಾಲಯ ಚಕ್ರವರ್ತಿ ಅಂತಲೇ ಕರೆಯುತ್ತದೆ. ಅದರ ಬಗ್ಗೆ ಬರೆದು "ಇಟಗಿ ಮಹಾದೇವ ದೇವಾಲಯದ ಕಂಬಗಳ ಕೆತ್ತನೆ" ಅಂತ ಶೀರ್ಷಿಕೆ ಕೊಟ್ಟೆ. ವರ್ಡ್‌ಪ್ರೆಸ್ ಶೀರ್ಷಿಕೆಯಿಂದಲೇ ಕೊಂಡಿ ಮಾಡುತ್ತದಲ್ಲ, ಅದು "ಕಂಬಗ" ಅನ್ನುವಲ್ಲಿಗೆ ಕಡಿದುಹೋಯಿತು. "ಳ"ವೂ ಇಲ್ಲ, ಕೆತ್ತನೆಯೂ ಇಲ್ಲ. ಕಾರಣ ಸರಳ. ಕೊಂಡಿಯ ಆ ಭಾಗಕ್ಕೆ ವರ್ಡ್‌ಪ್ರೆಸ್ ಕೊಡುವುದು 200 ಅಕ್ಷರದ ಜಾಗ. ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದೇ ಮನೆ ಸಾಕು. ಕನ್ನಡದ ಒಂದೊಂದು ಅಕ್ಷರ, ಗುಡಿಸು, ಕೊಂಬು, ಸೊನ್ನೆ ಎಲ್ಲಕ್ಕೂ ತಲಾ 9 ಬೇಕು. ಅಂದರೆ 22 ಮುಗಿಯುವಷ್ಟರಲ್ಲಿ ಜಾಗ ಖಾಲಿ.

ಆ ಕೊಂಡಿಯನ್ನು ವಾಟ್ಸಾಪ್‌ಗೆ ಹಾಕಿದರೆ ಇನ್ನೂ ಚಂದ. ಶೇಕಡಾ ಗುರುತು, ಇ, ಸೊನ್ನೆ, ಮತ್ತೆ ಶೇಕಡಾ ಗುರುತು, ಬಿ, ಎರಡು ಅಂತ ನಾಲ್ಕೈದು ಸಾಲು ಬರುತ್ತದೆ. ನಮ್ಮ ಕಡೆ ಜನ ಅದನ್ನು ನೋಡಿದ ಕೂಡಲೇ ವೈರಸ್ ಅಂತ ತಿಳಿದು ಮುಟ್ಟೋದೇ ಇಲ್ಲ. ಇದನ್ನು ಸರಿ ಮಾಡುತ್ತೇವೆ ಅನ್ನುವ ಪ್ಲಗಿನ್‌ಗಳಿವೆ. ಬೇಡ. ಪ್ರಕಟಿಸುವ ಮುಂಚೆ ಬಲಗಡೆ ಪಟ್ಟಿಯಲ್ಲಿ ಕೊಂಡಿಯ ಮೇಲೆ ಒತ್ತಿ, ಇಂಗ್ಲಿಷ್ ಅಕ್ಷರದಲ್ಲಿ ಎರಡೋ ಮೂರೋ ಪದ ಹಾಕಿದರೆ ಮುಗಿಯಿತು. ಆಗಲೇ ಪ್ರಕಟವಾಗಿದ್ದರೂ ಚಿಂತೆ ಇಲ್ಲ, ಹಳೆಯ ಕೊಂಡಿ ಒತ್ತಿದವರನ್ನು ವರ್ಡ್‌ಪ್ರೆಸ್ ತಾನೇ ಹೊಸದಕ್ಕೆ ಕಳಿಸುತ್ತದೆ.

ಇನ್ನು ಎಲ್ಲರೂ ಹೊಗಳುವ ಯೋಸ್ಟ್ ಎಸ್‌ಇಒ, ಗೂಗಲ್‌ನಂಥ ಕಡೆ ಹುಡುಕಿದಾಗ ಲೇಖನ ಸಿಗಲಿ ಅಂತ ಹಾಕುವ ಪ್ಲಗಿನ್. ಬರೆದ ಲೇಖನದ ಪಕ್ಕದಲ್ಲಿ ಕೆಂಪು, ಕಿತ್ತಳೆ, ಹಸಿರು ಚುಕ್ಕಿ ತೋರಿಸುತ್ತದೆ. ಹಸಿರು ಬಂದರೆ ಪಾಸು. ನಾನು ಮುಖ್ಯಪದ ಅಂತ "ಇಟಗಿ ದೇವಾಲಯ" ಕೊಟ್ಟೆ. ಲೇಖನದ ತುಂಬ ಇಟಗಿಯೇ ಇದೆ: ಇಟಗಿಯ, ಇಟಗಿಗೆ, ಇಟಗಿಯಲ್ಲಿ, ದೇವಾಲಯದ, ದೇವಾಲಯಕ್ಕೆ. ಆದರೂ ಪದ ಸಿಗಲಿಲ್ಲ ಅಂತ ಕೆಂಪು. ವಿಭಕ್ತಿ ಅಂಟಿದ ಕೂಡಲೇ ಅದರ ಲೆಕ್ಕದಲ್ಲಿ ಅದು ಬೇರೆ ಪದ. ಓದಲು ಸುಲಭವೇ ಅಂತ ನೋಡುವ ಪರೀಕ್ಷೆಗಳಲ್ಲೂ ಭಾಷೆ ಗೊತ್ತಿದ್ದರೆ ಮಾತ್ರ ಮಾಡಬಹುದಾದವು ಕನ್ನಡಕ್ಕೆ ಇಲ್ಲ. ಹಸಿರು ಬರಿಸಲೇಬೇಕು ಅಂತ ಹಟ ಹಿಡಿದರೆ "ಇಟಗಿ ದೇವಾಲಯ ಬಹಳ ಸುಂದರ. ಇಟಗಿ ದೇವಾಲಯ ನೋಡಲು ಬನ್ನಿ" ಅಂತ ಬರೆಯಬೇಕಾಗುತ್ತದೆ. ಅದು ಬಸ್ ಸ್ಟ್ಯಾಂಡಿನ ಮೈಕಿನಲ್ಲಿ ಕೂಗಿದ ಹಾಗಿರುತ್ತದೆ.

ಹಾಗಂತ ಯೋಸ್ಟ್ ತೆಗೆದಿಲ್ಲ. ಚುಕ್ಕಿಗಳನ್ನು ಸೆಟ್ಟಿಂಗ್ಸ್‌ನಲ್ಲಿ ಆಫ್ ಮಾಡಿದ್ದೇನೆ, ಅಷ್ಟೇ. ಉಳಿಸಿಕೊಂಡಿದ್ದು ಒಂದೇ ಕಾರಣಕ್ಕೆ: ವಾಟ್ಸಾಪ್‌ನಲ್ಲಿ, ಫೇಸ್‌ಬುಕ್‌ನಲ್ಲಿ ಕೊಂಡಿ ಹಾಕಿದಾಗ ಯಾವ ಫೋಟೋ, ಯಾವ ಎರಡು ಸಾಲು ಕಾಣಬೇಕು ಅನ್ನೋದನ್ನು ಅದರಲ್ಲಿ ಆರಿಸಿ ಇಡಬಹುದು. ನನ್ನ ಓದುಗರು ಬರೋದೇ ಆ ದಾರಿಯಲ್ಲಿ. ಕಂಬದ ಹತ್ತಿರದ ಫೋಟೋ ಕಂಡರೆ ಒತ್ತುತ್ತಾರೆ, ಖಾಲಿ ಬೂದು ಚೌಕ ಕಂಡರೆ ಮುಂದೆ ಹೋಗುತ್ತಾರೆ. ಸೈಟ್‌ಮ್ಯಾಪ್‌ಗಾಗಿ (ಗೂಗಲ್‌ಗೆ ತೋರಿಸುವ ಪುಟಗಳ ಪಟ್ಟಿಗಾಗಿ) ಮಾತ್ರ ಇಂಥ ಪ್ಲಗಿನ್ ಹಾಕುವವರು ಹಾಕಬೇಕಿಲ್ಲ, 2020ರ 5.5 ಆವೃತ್ತಿಯಿಂದ ವರ್ಡ್‌ಪ್ರೆಸ್ಸೇ ಅದನ್ನು ಮಾಡಿಕೊಡುತ್ತದೆ. ಯೋಸ್ಟ್ ಥರದ್ದೇ ಇನ್ನೊಂದಾದ ರ್‍ಯಾಂಕ್ ಮ್ಯಾಥ್ ಇಷ್ಟವಾದರೆ ಅದನ್ನು ಹಾಕಿ, ತೊಂದರೆ ಇಲ್ಲ. ಎರಡನ್ನೂ ಒಟ್ಟಿಗೆ ಮಾತ್ರ ಬೇಡ.

ನನ್ನ ಮಟ್ಟಿಗೆ ಮೊದಲ ಸ್ಥಾನ ಅಪ್‌ಡ್ರಾಫ್ಟ್‌ಪ್ಲಸ್‌ಗೆ. ಬ್ಯಾಕಪ್ ತೆಗೆಯುವ ಪ್ಲಗಿನ್. ಉಚಿತ ಆವೃತ್ತಿಯಲ್ಲೇ ಗೂಗಲ್ ಡ್ರೈವ್‌ಗೆ ಕಳಿಸುತ್ತದೆ. ಹಾಕಿದ ಕೂಡಲೇ ತಾನಾಗಿ ಕೆಲಸ ಮಾಡುತ್ತದೆ ಅಂತ ತಿಳಿಯಬೇಡಿ, ವಾರಕ್ಕೊಮ್ಮೆಯೋ ದಿನಕ್ಕೊಮ್ಮೆಯೋ ಅಂತ ನೀವೇ ಹೇಳಬೇಕು. ಡ್ರೈವ್‌ಗೆ ಜೋಡಿಸದೆ ಬಿಟ್ಟರೆ ಬ್ಯಾಕಪ್ ಅದೇ ಸರ್ವರ್‌ನಲ್ಲಿ ಕೂತಿರುತ್ತದೆ. ಸರ್ವರ್ ಹೋದರೆ ಅದೂ ಹೋಯಿತು. ಒಮ್ಮೆ ನನ್ನ ಹೋಸ್ಟಿಂಗ್‌ನವರು ಏನೋ ಬದಲಾಯಿಸಿ ಸೈಟ್ ಪೂರ್ತಿ ಬಿಳಿ ಹಾಳೆಯಾಯಿತು. "ಸರ್, ಟಿಕೆಟ್ ರೈಸ್ ಮಾಡಿ, ನೋಡ್ತೀವಿ" ಅಂದರು. ಅವರು ನೋಡುವಷ್ಟರಲ್ಲಿ ನಾನು ವರ್ಡ್‌ಪ್ರೆಸ್ ಹೊಸದಾಗಿ ಹಾಕಿ, ಡ್ರೈವ್‌ನಿಂದ ಡೇಟಾಬೇಸ್ ಮತ್ತು ಫೋಟೋಗಳನ್ನು ವಾಪಸ್ ತಂದಿದ್ದೆ. ಒಂದು ಎಚ್ಚರ: ಡ್ರೈವ್‌ನ ಉಚಿತ ಜಾಗ 15 ಜಿಬಿ, ಅದರಲ್ಲೇ ನಿಮ್ಮ ಜಿಮೇಲೂ ಇರುತ್ತದೆ. ಹಳೆಯ ಬ್ಯಾಕಪ್ ಎಷ್ಟು ಉಳಿಸಬೇಕು ಅನ್ನುವ ಸಂಖ್ಯೆಯನ್ನು ಕಡಿಮೆ ಇಡಿ.

ಫೋಟೋ ಕುಗ್ಗಿಸಲು ಸ್ಮಶ್ ಅಂತ ಇದೆ, ಚೆನ್ನಾಗಿಯೇ ಇದೆ. ಮೊಬೈಲ್‌ನಿಂದ ನೇರ ಫೋಟೋ ಏರಿಸುವವರಿಗೆ ಹೇಳಿ ಮಾಡಿಸಿದ್ದು. ಉಚಿತ ಆವೃತ್ತಿಯಲ್ಲಿ 5 ಎಂಬಿಗಿಂತ ದೊಡ್ಡ ಫೋಟೋ ಮುಟ್ಟಲ್ಲ. ನಾನು ಸ್ಟುಡಿಯೋದವನು, ಫೋಟೋ ತಿದ್ದುವ ಲೈಟ್‌ರೂಮ್‌ನಲ್ಲೇ 2000 ಪಿಕ್ಸೆಲ್‌ಗೆ ಇಳಿಸಿ ತೆಗೆಯುತ್ತೇನೆ, ಹಾಗಾಗಿ ನನಗೆ ಬೇಡ. ತಿಳಿದಿರಲಿ, ನೀವು ಒಂದು ಫೋಟೋ ಏರಿಸಿದರೆ ವರ್ಡ್‌ಪ್ರೆಸ್ ಅದರದೇ ಸಣ್ಣ ದೊಡ್ಡ ಪ್ರತಿಗಳನ್ನು ಮಾಡಿಟ್ಟುಕೊಳ್ಳುತ್ತದೆ. ಕ್ಯಾಮೆರಾದ ಮೂಲ ಫೈಲನ್ನೇ ಹಾಕುತ್ತಾ ಹೋದರೆ ಅಗ್ಗದ ಹೋಸ್ಟಿಂಗ್‌ನ ಜಾಗ ಬೇಗ ತುಂಬುತ್ತದೆ.

ಪುಟಗಳನ್ನು ಸಿದ್ಧ ಮಾಡಿಟ್ಟು ಬೇಗ ತೆರೆಯುವಂತೆ ಮಾಡುವ ಕ್ಯಾಶ್ ಪ್ಲಗಿನ್ ಒಂದೇ ಒಂದು ಸಾಕು. ನಿಮ್ಮ ಹೋಸ್ಟಿಂಗ್ ಲೈಟ್‌ಸ್ಪೀಡ್ ಸರ್ವರಾ ಅಂತ ಮೊದಲು ಕೇಳಿ. ಹೌದಾದರೆ ಲೈಟ್‌ಸ್ಪೀಡ್ ಕ್ಯಾಶ್, ಅಲ್ಲವಾದರೆ ಡಬ್ಲ್ಯುಪಿ ಸೂಪರ್ ಕ್ಯಾಶ್. ಲೈಟ್‌ಸ್ಪೀಡ್‌ನಲ್ಲಿ ಸೆಟ್ಟಿಂಗ್‌ಗಳು ವಿಪರೀತ. ಮುಟ್ಟದಿದ್ದರೆ ಒಳ್ಳೆಯದು.

ಸ್ಪ್ಯಾಮ್ ಕಾಮೆಂಟ್ ತಡೆಯುವ ಅಕಿಸ್‌ಮೆಟ್ ವರ್ಡ್‌ಪ್ರೆಸ್ ಜೊತೆಗೇ ಬರುತ್ತದೆ. ಜಾಹೀರಾತು ಇಲ್ಲದ, ಏನೂ ಮಾರದ ಸ್ವಂತ ಬ್ಲಾಗಿಗೆ ಅದನ್ನು ಚಾಲೂ ಮಾಡುವ ಕೀ ದುಡ್ಡಿಲ್ಲದೆ ಸಿಗುತ್ತದೆ. ಕಿನ್ನಾಳದ ಗೊಂಬೆಗಳ ಲೇಖನದ ಕೆಳಗೆ ಜೂಜಿನ ಜಾಹೀರಾತು ಯಾರಿಗೆ ಬೇಕು, ಅಲ್ವಾ? ಹಾಕಿ, ಮರೆತುಬಿಡಿ. ಲಾಗಿನ್ ಕಾಯಲು ಲಿಮಿಟ್ ಲಾಗಿನ್ ಅಟೆಂಪ್ಟ್ಸ್ ರೀಲೋಡೆಡ್ ಮತ್ತು ಉದ್ದನೆಯ ಪಾಸ್‌ವರ್ಡ್ ನನಗೆ ಸಾಕಾಗಿದೆ.

ಕನ್ನಡ ಫಾಂಟ್‌ಗೆ ಪ್ಲಗಿನ್ ಹಾಕಿ ಅಂತಲೂ ಒಬ್ಬರು ಹೇಳಿದರು. 2024ರಲ್ಲಿ ಬಂದ ವರ್ಡ್‌ಪ್ರೆಸ್ 6.5 ಆವೃತ್ತಿಯಿಂದ ಬ್ಲಾಕ್ ಥೀಮ್‌ಗಳಲ್ಲಿ (ಸೈಟಿನ ರೂಪವನ್ನು ತುಂಡು ತುಂಡಾಗಿ ಜೋಡಿಸುವ ಹೊಸ ಬಗೆಯ ವಿನ್ಯಾಸಗಳಲ್ಲಿ) ಫಾಂಟ್ ಸೇರಿಸುವ ಜಾಗ ಒಳಗೇ ಇದೆ. ನೋಟೋ ಸೆರಿಫ್ ಕನ್ನಡ ಹಾಕಿಕೊಂಡೆ. ಆದರೆ ತೊಂದರೆ ಫಾಂಟಿನದಲ್ಲ, ಸಾಲಿನ ಅಂತರದ್ದು. ಥೀಮ್ ಮಾಡಿದವರಿಗೆ ಒತ್ತಕ್ಷರ ಅಂದರೆ ಏನಂತ ಗೊತ್ತಿರಲ್ಲ. ಶೀರ್ಷಿಕೆ ಎರಡು ಸಾಲಾದರೆ "ಕೆತ್ತನೆ"ಯ ತ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ಹೋಗಿ ಬಡಿಯುತ್ತದೆ. ಸ್ಟೈಲ್ಸ್‌ಗೆ ಹೋಗಿ ಶೀರ್ಷಿಕೆಯ ಸಾಲಿನ ಎತ್ತರವನ್ನು 1.5ಕ್ಕೆ ಏರಿಸಿ, ಸರಿಹೋಗುತ್ತದೆ. ಹಾಗೆಯೇ ಡಿಟಿಪಿ ಅಂಗಡಿಯವರು ಹಳೆಯ ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿಕೊಟ್ಟದ್ದನ್ನು ಅಂಟಿಸಿದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಬರುತ್ತದೆ. ಅಲ್ಲಿ ಪ್ಲಗಿನ್ ಹುಡುಕಬೇಡಿ, ಅಂಟಿಸುವ ಮುಂಚೆ ಯುನಿಕೋಡ್‌ಗೆ ಬದಲಾಯಿಸಿಕೊಳ್ಳಿ.

ಹೊಸ ಪ್ಲಗಿನ್ ಹಾಕುವ ಮೊದಲು ನಾನು ಬಳಸಿದವರು ಕೊಟ್ಟ ನಕ್ಷತ್ರಕ್ಕಿಂತ ಜಾಸ್ತಿ ನೋಡೋದು ಕೊನೆಯ ಬಾರಿ ಯಾವಾಗ ಅಪ್‌ಡೇಟ್ ಆಗಿದೆ ಅಂತ. ಇತ್ತೀಚಿನ ಮೂರು ದೊಡ್ಡ ಆವೃತ್ತಿಗಳೊಂದಿಗೆ ಪರೀಕ್ಷಿಸಿಲ್ಲ ಅನ್ನುವ ಎಚ್ಚರಿಕೆ ಮೇಲೆ ಕಂಡರೆ ಅಲ್ಲಿಂದಲೇ ವಾಪಸ್. ಕೆಳಗಿನ ಸಹಾಯ ವಿಭಾಗದಲ್ಲಿ ಜನ ಕೇಳಿದ್ದಕ್ಕೆ ಮಾಡಿದವರು ಉತ್ತರ ಕೊಟ್ಟಿದ್ದಾರಾ ಅಂತಲೂ ಕಣ್ಣು ಹಾಯಿಸುತ್ತೇನೆ. ದುಡ್ಡು ಕೊಡಬೇಕಾದ ಪ್ರೋ ಪ್ಲಗಿನ್‌ಗಳ ಜಿಪ್ ಫೈಲ್‌ಗಳು ನಮ್ಮ ವಾಟ್ಸಾಪ್ ಗುಂಪುಗಳಲ್ಲಿ ಪುಕ್ಕಟೆ ಓಡಾಡುತ್ತವೆ. ಅಂಥದ್ದರ ಒಳಗೆ ಕಳ್ಳ ಕೋಡ್ ಸೇರಿಸಿ ಬಿಡುವವರಿದ್ದಾರೆ. ನಿಮ್ಮ ಸೈಟ್ ನಿಮಗೆ ನೆಟ್ಟಗೇ ಕಾಣುತ್ತಿರುತ್ತದೆ, ಗೂಗಲ್‌ನಿಂದ ಬಂದವರು ಮಾತ್ರ ಇನ್ನೆಲ್ಲಿಗೋ ಹೋಗುತ್ತಿರುತ್ತಾರೆ.

ಕೊನೆಗೆ, ಓದುಗರು ಸೈಟಿನಿಂದಲೇ ಸಂದೇಶ ಕಳಿಸಲು ಹಾಕುವ ಕಾಂಟ್ಯಾಕ್ಟ್ ಫಾರ್ಮ್ 7. ಹಗುರ, ಉಚಿತ, ಬಹಳ ಹಳೆಯದು. ಆದರೆ ಬಂದ ಸಂದೇಶವನ್ನು ಅದು ಉಳಿಸಿಕೊಳ್ಳಲ್ಲ, ಮೇಲ್ ಮಾಡಿ ಸುಮ್ನಾಗುತ್ತದೆ. ಮೇಲ್ ತಲುಪದಿದ್ದರೆ ಸಂದೇಶ ಹೋದಂತೆಯೇ. ಉಳಿಸಲು ಅದನ್ನು ಮಾಡಿದವರದೇ ಫ್ಲಮಿಂಗೊ ಹಾಕಬೇಕು, ಮೇಲ್ ನೆಟ್ಟಗೆ ಹೋಗಲು ಡಬ್ಲ್ಯುಪಿ ಮೇಲ್ ಎಸ್‌ಎಂಟಿಪಿ. ಒಂದು ಫಾರ್ಮ್‌ಗೆ ಮೂರು ಪ್ಲಗಿನ್. ಅಂಗಡಿಯೋ ಸಂಸ್ಥೆಯೋ ಆದರೆ ಮೂರನ್ನೂ ಹಾಕಿ, ಕೆಲಸಕ್ಕೆ ಬರುತ್ತವೆ. ನಾನು ಫಾರ್ಮ್ ತೆಗೆದು ಇಮೇಲ್ ವಿಳಾಸ ಬರೆದಿದ್ದೇನೆ. ಫೋಟೋ ಬೇಕು ಅನ್ನುವವರು ಹೇಗೂ ಸ್ಟುಡಿಯೋ ನಂಬರಿಗೇ ವಾಟ್ಸಾಪ್ ಮಾಡುತ್ತಾರೆ.