ಬಿಸಿಬೇಳೆಬಾತ್ ಮಾಡೋದಾ, ಪಲಾವ್ ಮಾಡೋದಾ?

ಕುಕ್ಕರ್ ಒಂದೇ, ಎರಡರ ಸ್ವಭಾವ ಮಾತ್ರ ಬೇರೆ. ಪಲಾವ್‌ಗೆ ಅರ್ಧ ಗಂಟೆ ಸಾಕು. 1 ಲೋಟ ಅಕ್ಕಿಗೆ 2 ಲೋಟ ನೀರು, 2 ವಿಷಲ್. ನೀರು ಸ್ವಲ್ಪ ಜಾಸ್ತಿಯಾದರೂ ಮುದ್ದೆ ಕಟ್ಟುತ್ತದೆ, ಅದೇ ತಲೆನೋವು.

ಬಿಸಿಬೇಳೆಬಾತ್‌ಗೆ ಆ ಭಯವಿಲ್ಲ. ಅದು ಮೆತ್ತಗೇ ಇರಬೇಕು ಅಲ್ವಾ! ಅಕ್ಕಿಯಷ್ಟೇ ತೊಗರಿಬೇಳೆ, ಜೊತೆಗೆ ಬೀನ್ಸ್, ಕ್ಯಾರೆಟ್, ಬಟಾಣಿ. ಹುಣಸೆ ರಸ ಮಾತ್ರ ಬೇಳೆ ಬೆಂದ ಮೇಲೆ ಹಾಕಿ. ಮೊದಲೇ ಹಾಕಿದರೆ ಬೇಳೆ ಬೇಗ ಬೇಯುವುದಿಲ್ಲ. ಆರಿದ ಮೇಲೆ ಗಟ್ಟಿಯಾಗುತ್ತದೆ, ಹಾಗಾಗಿ ಇಳಿಸುವಾಗ ಸೌಟಿನಿಂದ ಜಾರುವಷ್ಟು ತೆಳ್ಳಗಿರಲಿ. ಮೇಲೆ ತುಪ್ಪದಲ್ಲಿ ಗೋಡಂಬಿ, ಕರಿಬೇವಿನ ಒಗ್ಗರಣೆ. ಪಕ್ಕಕ್ಕೆ ಖಾರಾ ಬೂಂದಿ.

ಬೆಳಿಗ್ಗೆ ಡಬ್ಬಿಗೆ ಪಲಾವೇ ಸರಿ, ತಣ್ಣಗಾದರೂ ತಿನ್ನಬಹುದು. ಭಾನುವಾರ ಹೊಟ್ಟೆ ತುಂಬ ಉಣ್ಣಬೇಕೆಂದರೆ ನನ್ನ ಓಟು ಬಿಸಿಬೇಳೆಬಾತ್‌ಗೆ. ಮಳೆ ಬಂದರಂತೂ ಕೇಳಲೇಬೇಡಿ.