ಆಪರೇಷನ್‌ಗೆ ಮುಂಚಿನ ರಿಸ್ಕ್ ಕ್ಲಿನಿಕ್: ಅಪ್ಪನ ಜೊತೆ ಹೋಗಿ ಬಂದ ಮೇಲೆ

ಅಪ್ಪನ ಹೊಟ್ಟೆಯೊಳಗಿನ ದೊಡ್ಡ ರಕ್ತನಾಳ ಬಲೂನಿನ ಹಾಗೆ ಉಬ್ಬಿ 5.8 ಸೆಂಟಿಮೀಟರ್ ಆಗಿತ್ತು. ಗಂಡಸರಲ್ಲಿ 5.5 ಮುಟ್ಟಿದರೆ ಸಾಮಾನ್ಯವಾಗಿ ಆಪರೇಷನ್ ಮಾತು ಬರುತ್ತದೆ. ಸರ್ಜನ್ ದಿನ ಗೊತ್ತು ಮಾಡುವ ಮೊದಲು ಈ ಕ್ಲಿನಿಕ್‌ಗೆ ಕಳಿಸಿದರು. ಅಪ್ಪ ತಡ್ಕೊಳ್ತಾರಾ? ನನಗಿದ್ದದ್ದು ಇದೊಂದೇ ಪ್ರಶ್ನೆ.

ಮೊದಲು ಸೈಕಲ್ ಟೆಸ್ಟ್. ಮೂಗು ಬಾಯಿಗೆ ಬಿಗಿಯಾದ ಮಾಸ್ಕ್, ಎದೆಗೆ ಇಸಿಜಿ ವೈರು. ತುಳೀತಾ ಹೋದ ಹಾಗೆ ಪೆಡಲ್ ಭಾರವಾಗುತ್ತದೆ. ಎಂಟನೇ ನಿಮಿಷಕ್ಕೆ ಅಪ್ಪನ ಮೊಣಕಾಲು ನಡುಗತೊಡಗಿತು. ನಾನು ಕುರ್ಚಿ ಬಿಟ್ಟು ಎದ್ದೇ ಬಿಟ್ಟೆ. ಟೆಕ್ನಿಷಿಯನ್ ಮಾತ್ರ ಅವರ ಮುಖದಿಂದ ಕಣ್ಣು ತೆಗೆಯಲಿಲ್ಲ. ಸಾಕು ಅಂತ ಅಪ್ಪ ಕೈ ಎತ್ತಿದ ತಕ್ಷಣ ನಿಲ್ಲಿಸಿದರು.

ನನ್ನ ದೂರು ಇಲ್ಲಿದೆ. ರಿಪೋರ್ಟ್ ಹಾಳೆಯನ್ನು ಸುಮ್ನೆ ಕೈಗಿಟ್ಟು, ಎರಡು ಗಂಟೆ ಹೊರಗೆ ಕೂರಿಸಿದರು. ಅದರಲ್ಲಿ 10.4 ಅಂತಿತ್ತು, ಪಕ್ಕದಲ್ಲಿ '11ಕ್ಕಿಂತ ಕಡಿಮೆ'. ಅಷ್ಟೇ. ಆ ಎರಡು ಗಂಟೆ ಅಪ್ಪ ನನ್ನ ಜೊತೆ ಮಾತೇ ಆಡಲಿಲ್ಲ. ಹೀಗೆ ಮಾಡಬಾರದು.

ಒಳಗೆ ಕರೆದ ಅನಸ್ತೇಷಿಯಾ ಡಾಕ್ಟರ್ ಮುಕ್ಕಾಲು ಗಂಟೆ ಕೂತು ಮಾತಾಡಿದರು. 11 ಅಂದರೆ ಮೈ ದಣಿಯತೊಡಗುವ ಹೊತ್ತಿಗೆ ಕೆಜಿ ತೂಕಕ್ಕೆ ನಿಮಿಷಕ್ಕೆ ಅಷ್ಟು ಮಿಲಿಲೀಟರ್ ಆಮ್ಲಜನಕ ಬಳಸುವ ಶಕ್ತಿ. ಅದಕ್ಕಿಂತ ಕಡಿಮೆ ಇದ್ದವರಿಗೆ ತೊಂದರೆ ಜಾಸ್ತಿ, ಆದರೆ ಅದೇನು ಗೋಡೆಯಲ್ಲ ಅಂದರು. ಆಪರೇಷನ್‌ನಲ್ಲಿ ಹೃದಯಕ್ಕೆ ಎಷ್ಟು ಅಪಾಯ ಅಂತ ಆರು ಅಂಶ ನೋಡಿ ಅಂದಾಜು ಮಾಡುವ ಸ್ಕೋರೂ ಹಾಕಿದ್ದರು. 1999ರಿಂದ ಬಳಕೆಯಲ್ಲಿರುವ ಲೆಕ್ಕ ಅದು. ರಕ್ತನಾಳದ ಆಪರೇಷನ್‌ಗಳಲ್ಲಿ ಅದು ಅಪಾಯವನ್ನು ಕಡಿಮೆ ತೋರಿಸುವುದುಂಟು, ಅದೊಂದನ್ನೇ ನಂಬಲ್ಲ ಅಂತ ಅವರೇ ಹೇಳಿದರು. "ಇವರಂಥ ನೂರು ಜನರಲ್ಲಿ ಎಷ್ಟು ಜನಕ್ಕೆ ಕಷ್ಟ ಆಗಬಹುದು ಅಂತ ಅಂದಾಜು ಹೇಳಬಲ್ಲೆ. ಇವರು ಅದರಲ್ಲಿ ಯಾರು ಅಂತ ಹೇಳಲಾರೆ." ಈ ಮಾತಿಗೆ ನಾನು ಋಣಿ.

ಆಮೇಲೆ ನನಗೆ ಹೊಳೆಯದ ಪ್ರಶ್ನೆ ಕೇಳಿದರು: "ಆಪರೇಷನ್ ಆದ ಮೇಲೆ ಏನು ಮಾಡೋಕಾಗಬೇಕು ನಿಮಗೆ?" ಅಪ್ಪ ಥಟ್ಟನೆ, "ನನ್ನ ಸ್ನಾನ ನಾನೇ ಮಾಡ್ಕೋಬೇಕು" ಅಂದರು. ಹೊಟ್ಟೆ ಕೊಯ್ದರೆ ಚೇತರಿಸಿಕೊಳ್ಳಲು ತಿಂಗಳುಗಳೇ ಬೇಕು. ತೊಡೆಸಂದಿಯಿಂದ ಸ್ಟೆಂಟ್ ಹಾಕಿದರೆ ಮೊದಲ ದಿನಗಳ ಅಪಾಯ ಕಡಿಮೆ, ಆದರೆ ಮುಂದೆ ಸ್ಕ್ಯಾನ್ ತಪ್ಪಲ್ಲ, ಮತ್ತೆ ರಿಪೇರಿಯೂ ಬೇಕಾಗಬಹುದು. ಎಲ್ಲವನ್ನೂ ಅಪ್ಪನನ್ನೇ ನೋಡಿ ವಿವರಿಸಿದರು, ನನ್ನನ್ನಲ್ಲ.

ಹಿಮೋಗ್ಲೋಬಿನ್ ಕಡಿಮೆ ಇದ್ದದ್ದಕ್ಕೆ ಕಬ್ಬಿಣದ ಡ್ರಿಪ್ ಕೊಟ್ಟರು, ಸಿಗರೇಟು ಬಿಡಿಸಿದರು, ದಿನಾ ಎಷ್ಟು ನಡೀಬೇಕು ಅಂತ ಬರೆದುಕೊಟ್ಟರು.

5ಕ್ಕೆ 4 ಕೊಡ್ತೀನಿ. ಮುಂದಿನ ವಾರ ಮತ್ತೆ ಸೈಕಲ್ ಟೆಸ್ಟ್ ಇದೆ. ಅದೇ ರಿಪೋರ್ಟ್ ಹಾಳೆಯ ಹಿಂಬದಿಯಲ್ಲಿ ಅಪ್ಪ ದಿನಾ ನಡೆದ ನಿಮಿಷ ಬರೆದಿಡ್ತಾರೆ. ನಿನ್ನೆಯದು 35.